ಪಿಂಗೆಲಾ ಹುಡುಕಿಕೊಂಡು ಮಿನಾಸ್ ಬೆಟ್ಟಗಳಲ್ಲಿ

ಶನಿವಾರ, ಡಿಯಾಮಂಟೀನಾ

ಬ್ರೆಜಿಲ್‌ನ ಪತ್ರಿಕೆ ಓದುವ ಹೊರಗಿನವರಿಗೆ ‘ಪಿಂಗೆಲಾ’ ಎಂಬ ಪದ ಮೊದಲು ಎದುರಾಗುವುದು ರಾಜಕೀಯ ಪುಟದಲ್ಲಿ. ನನಗೂ ಹಾಗೆಯೇ ಆಯಿತು. ಸಾವೊ ಪೌಲೊದಲ್ಲಿ ಕೆಲಸದ ನಿಮಿತ್ತ ಇದ್ದಾಗ, ಭಾಷೆ ಕಲಿಯುವ ಹಟದಲ್ಲಿ ಹಳೆಯ ಸಂಪಾದಕೀಯಗಳನ್ನು ನಿಘಂಟು ಹಿಡಿದು ಓದುತ್ತಿದ್ದೆ. ಒಂದು ಇಡೀ ಸರ್ಕಾರವನ್ನೇ ಪಿಂಗೆಲಾ ಎಂದು ಕರೆದಿದ್ದರು. ನಿಘಂಟು ತೆರೆದರೆ, ಹಳ್ಳ ದಾಟಲು ಅಡ್ಡ ಹಾಕಿದ ದಿಮ್ಮಿ ಅಥವಾ ಹಲಗೆ ಎಂದಿತ್ತು. ಮಲೆನಾಡಿನ ಸಾಗರದ ಕಡೆ ಹುಟ್ಟಿದವನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ನಮ್ಮ ಕಾಲುಸಂಕವೇ ಅದು. ವಿಚಿತ್ರವೆಂದರೆ ಆ ಮಹಾನಗರದ ನನ್ನ ಸಹೋದ್ಯೋಗಿಗಳಲ್ಲಿ ಈ ಪದವನ್ನು ಬಳಸದವರಿರಲಿಲ್ಲ, ಅದರ ಮೇಲೆ ಕಾಲಿಟ್ಟವರೂ ಇರಲಿಲ್ಲ. ನೋಡಬೇಕೆಂದರೆ ಮಿನಾಸ್ ಜೆರೈಸ್ ರಾಜ್ಯದ ಒಳನಾಡಿಗೆ ಹೋಗು ಎಂದರು. ಹೀಗೆ ಜೂನ್ ತಿಂಗಳ ಚಳಿಯಲ್ಲಿ ಡಿಯಾಮಂಟೀನಾಕ್ಕೆ ಬಂದಿಳಿದೆ.

ಎಸ್ಪಿನ್ಯಾಸೊ ಬೆಟ್ಟಸಾಲಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿರುವ ಊರು ಇದು. ಸುಣ್ಣ ಬಳಿದ ಗೋಡೆ, ಗಾಢ ಬಣ್ಣದ ಬಾಗಿಲು, ಮೊಣಕಾಲಿಗೆ ಕರುಣೆ ತೋರದ ಕಲ್ಲುಹಾಸಿನ ಏರುದಾರಿ. 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ವಸತಿಗೃಹದ ಯಜಮಾನಿ ‘ಶಾವಿ’ ಎನ್ನುತ್ತ ಕೀಲಿಕೈ ಚಾಚಿದಾಗ ನನ್ನ ಹರಕು ಪೋರ್ಚುಗೀಸಿಗೆ ಧೈರ್ಯ ಬಂತು. ಗೋವೆಯಿಂದ ನಮ್ಮ ಕರಾವಳಿಗೆ ಇಳಿದು ಬಂದ ಚಾವಿ, ಮೇಜು, ಜನೇಲು, ಪಗಾರಗಳಷ್ಟು ಬಂಡವಾಳ ಕನ್ನಡಿಗನ ಕೈಯಲ್ಲಿ ಮೊದಲೇ ಇರುತ್ತದೆ.

ರಾತ್ರಿ ‘ವೆಸ್ಪೆರಾಟಾ’ ಇತ್ತು. ವಾದ್ಯಗಾರರು ಬೀದಿಯ ಎರಡೂ ಬದಿಯ ಮನೆಗಳ ಉಪ್ಪರಿಗೆ ಕಿಟಕಿಗಳಲ್ಲಿ ನಿಂತು ಊದುತ್ತಾರೆ, ನಿರ್ದೇಶಕ ಕೆಳಗೆ ಬೀದಿಯ ನಡುವೆ ಜನರ ಮಧ್ಯೆ ನಿಂತು ಸುತ್ತ ತಿರುಗುತ್ತ ಕೋಲಾಡಿಸುತ್ತಾನೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಕೆಲವು ಶನಿವಾರ ಮಾತ್ರ ನಡೆಯುವ ಕಛೇರಿ. ಕುರ್ಚಿಗೆ ದುಡ್ಡು ಕೊಡದವರು ಹಗ್ಗದಾಚೆ ನಿಲ್ಲಬೇಕು. ನಿಂತೆ. ಕೇಳಿಸುವುದು ಅಲ್ಲಿಗೂ ಅಷ್ಟೇ ಚೆನ್ನಾಗಿ.

ಭಾನುವಾರ, ಅಲ್ಲೇ

ಈ ಊರಿನಲ್ಲಿ ಎಲ್ಲರೂ ಚಿತ್ರ ತೆಗೆಸಿಕೊಳ್ಳುವ ಜಾಗ ಒಂದು ಕಾಲುಸೇತುವೆಯೇ. ಗ್ಲೋರಿಯಾ ಬೀದಿಯ ಎರಡು ಮನೆಗಳನ್ನು ತಲೆಯ ಮೇಲೆ ಜೋಡಿಸುವ, ಮರದ, ನೀಲಿ ಬಣ್ಣದ, ಮಾಡು ಹೊದಿಸಿದ ಓಣಿ. ಅದರ ಹೆಸರು ಪಸ್ಸಾದೀಸೊ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸನ್ಯಾಸಿನಿಯರು ಇಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಹುಡುಗಿಯರು ಬೀದಿಗೆ ಇಳಿಯದೆ, ಬೀದಿಯವರ ಕಣ್ಣಿಗೆ ಬೀಳದೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲಿ ಎಂದು ಇದನ್ನು ಕಟ್ಟಿಸಿದರು. ಈಗ ಕಟ್ಟಡ ಮಿನಾಸ್ ಜೆರೈಸ್ ಕೇಂದ್ರೀಯ ವಿಶ್ವವಿದ್ಯಾಲಯದ ಭೂವಿಜ್ಞಾನದವರ ಕೈಯಲ್ಲಿದೆ. ಒಳಗೆ ನಡೆದರೆ ಹಲಗೆ ಗಟ್ಟಿಯಾಗಿದೆ, ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಚೆಂದವಿದೆ, ಒಪ್ಪುತ್ತೇನೆ. ಆದರೆ ನೀರಿಲ್ಲದ ಕಡೆ ಕಟ್ಟಿದ ಸೇತುವೆ ಇದು. ದಾಟಿಸುವುದಕ್ಕಿಂತ ಮುಚ್ಚಿಡುವುದೇ ಅದರ ಕೆಲಸವಾಗಿತ್ತು.

ಮಧ್ಯಾಹ್ನ ವಜ್ರದ ವಸ್ತುಸಂಗ್ರಹಾಲಯದ ಸುತ್ತ ಅಲೆದೆ. 18ನೆಯ ಶತಮಾನದ ಆರಂಭದವರೆಗೆ ಯುರೋಪಿನ ಪೇಟೆಗೆ ಬರುತ್ತಿದ್ದ ವಜ್ರವೆಂದರೆ ಹೆಚ್ಚುಕಡಿಮೆ ನಮ್ಮ ದಖ್ಖನಿನದೇ. ಇಲ್ಲಿನ ಚಿನ್ನ ಜಾಲಿಸುವವರು ಹೊಳೆಯ ಬೆಣಚುಗಳನ್ನು ಇಸ್ಪೀಟಾಟದ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದರು, ಭಾರತದಲ್ಲಿ ಇದ್ದು ಬಂದವನೊಬ್ಬ ಅವು ಏನೆಂದು ಗುರುತಿಸಿದ ಎಂಬ ಐತಿಹ್ಯ ಊರೆಲ್ಲ ಹರಡಿದೆ. 1729ರಲ್ಲಿ ಸುದ್ದಿ ಅಧಿಕೃತವಾಗಿ ಲಿಸ್ಬನ್ನಿಗೆ ಹೋಯಿತು. ಮುಂದೆ ಇಡೀ ಪ್ರದೇಶಕ್ಕೆ ಬೇಲಿ ಹಾಕಿದಂತೆ ಮಾಡಿ, ಪರವಾನಗಿಯಿಲ್ಲದೆ ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ನಿಷೇಧಿಸಿದರು. ಹೊಳೆ ದಾಟುವ ಜಾಗಗಳಿಗೆ ಕಾವಲು ಬಂತು. ಬ್ರೆಜಿಲ್‌ನ ಹರಳುಗಳನ್ನು ಗೋವೆಗೆ ಸಾಗಿಸಿ, ಭಾರತದ್ದೆಂದು ಮಾರಿದ ವ್ಯಾಪಾರಿಗಳ ಕಥೆಯೂ ಇದೆ. ನಂಬಲು ನನಗೇನೂ ಕಷ್ಟವಾಗಲಿಲ್ಲ.

ಸೋಮವಾರ, ವಾವ್ ದಾರಿ

ವಜ್ರದ ಹಳೆಯ ರಾಜಮಾರ್ಗ ಡಿಯಾಮಂಟೀನಾದಿಂದ ದಕ್ಷಿಣಕ್ಕೆ ಸೆರ್ರೊ ಊರಿನತ್ತ ಇಳಿಯುತ್ತದೆ. ಕಾಂಕ್ರೀಟಿನ ಗುರುತುಕಂಬಗಳನ್ನು ನೆಟ್ಟು ಈಗ ಅದನ್ನು ನಡೆಯುವವರ, ಸೈಕಲ್ಲಿಗರ ದಾರಿ ಮಾಡಿದ್ದಾರೆ. ಹಾಲಿನ ಕ್ಯಾನ್ ಹೊತ್ತ ಪಿಕಪ್ ಗಾಡಿಯೊಂದು ವಾವ್ ಎಂಬ ಹಳ್ಳಿಯವರೆಗೆ ಕರೆದೊಯ್ದಿತು. ವಾವ್ ಎಂದರೆ ಹೊಳೆಯನ್ನು ಕಾಲಲ್ಲೇ ದಾಟಬಹುದಾದ ಆಳವಿಲ್ಲದ ಜಾಗ, ನಮ್ಮ ಹಾಯಗಡ. ಜೆಕಿಟಿನ್ಯೋನ್ಯಾ ನದಿ ಇಲ್ಲಿ ಇನ್ನೂ ಎಳೆಯದು. ಮುಂದೆ ಬಹಿಯಾ ರಾಜ್ಯ ಹಾದು ಅಟ್ಲಾಂಟಿಕ್ ಸೇರುವ ಹೊತ್ತಿಗೆ ಅದರ ಗಾತ್ರವೇ ಬೇರೆ. ಈಗ ವಾಹನಗಳಿಗೆ ಸೇತುವೆ ಇದೆ. ಅದರ ಕೆಳಗೆ ಹಳೆಯ ಹಾಯಗಡದ ಕಲ್ಲುಗಳ ಮೇಲೆ ಹೆಂಗಸರಿಬ್ಬರು ಕಂಬಳಿ ಒಗೆಯುತ್ತಿದ್ದರು.

ಅಲ್ಲಿಂದ ನಡಿಗೆ. ಬಿಳಿ ಮರಳು, ಬೆಣಚುಕಲ್ಲಿನ ಬಂಡೆ, ಮೊಣಕಾಲೆತ್ತರದ ಒಣಹುಲ್ಲು, ನಡುವೆ ಕಡ್ಡಿಯ ತುದಿಯಲ್ಲಿ ಬಿಳಿಯ ಪುಟ್ಟ ಹೂವು. ಕಿತ್ತ ಮೇಲೂ ಬಾಡದೆ ವರ್ಷಗಟ್ಟಲೆ ಉಳಿಯುವುದರಿಂದ ಅದಕ್ಕೆ ‘ಸದಾ ಜೀವಂತ’ ಎಂಬರ್ಥದ ಹೆಸರು, ಸೆಂಪ್ರೆ ವೀವಾ. ಇದನ್ನು ಬಿಡಿಸಿ ಮಾರಿ ಬದುಕುವ ಸಮುದಾಯಗಳ ಕೃಷಿ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2020ರಲ್ಲಿ ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿತು. ಬ್ರೆಜಿಲ್‌ಗೆ ಅದು ಅಂಥ ಮೊದಲ ಮನ್ನಣೆ.

ಸಾವ್ ಗೊನ್ಸಾಲೊ ದೊ ರಿಯೊ ದಾಸ್ ಪೆದ್ರಾಸ್ ತಲುಪಿದಾಗ ಕತ್ತಲು. ಊರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಊರೇ ಮುಗಿಯುತ್ತದೆ. ಬೀನ್ಸು, ಜೋಳದ ಹಿಟ್ಟಿನ ಅಂಗು, ಸೊಪ್ಪು ತಿಂದು ಮಲಗಿದೆ. ಪಿಂಗೆಲಾ ಇಲ್ಲೆಲ್ಲಾದರೂ ಇದೆಯೇ ಎಂದು ಅಡುಗೆಯಾಕೆಯನ್ನು ಕೇಳಿದ್ದಕ್ಕೆ, ‘ಯಾರ ಪಿಂಗೆಲಾ?’ ಎಂದು ಮರುಪ್ರಶ್ನೆ ಹಾಕಿದಳು. ಉತ್ತರ ಗೊತ್ತಿರದ ಪ್ರಶ್ನೆ. ಆದರೆ ಕೇಳಿದ ರೀತಿಯಲ್ಲೇ ಒಂದು ವಿಷಯ ತಿಳಿಯಿತು. ಇಲ್ಲಿ ಪ್ರತಿ ಪಿಂಗೆಲಾಕ್ಕೂ ಒಂದು ಮನೆಯಿದೆ.

ಮಂಗಳವಾರ, ಮಿಲ್ಯೊ ವೆರ್ಡೆ

ಆಕೆಯ ಮಾವ ಮಿಲ್ಯೊ ವೆರ್ಡೆಯ ಕಡೆ ದನ ನೋಡಿಕೊಂಡಿದ್ದಾರೆ, ಬೆಳಿಗ್ಗೆ ಅವರ ಜೊತೆ ಹೋಗು ಎಂದಳು. ಎಪ್ಪತ್ತು ದಾಟಿದ ಗಟ್ಟಿ ಮುದುಕ. ಮಾತಿನ ಕೊನೆಯಕ್ಷರಗಳನ್ನು ನುಂಗುವ ಮಿನಾಸ್ ಪೋರ್ಚುಗೀಸ್. ಅರ್ಧ ನನಗೆ ಅರ್ಥವಾಗಲಿಲ್ಲ, ಇನ್ನರ್ಧವನ್ನು ಅವರು ಕೈಯಲ್ಲಿ ಹೇಳಿದರು.

ಮುಖ್ಯ ದಾರಿ ಬಿಟ್ಟು ತಗ್ಗಿಗೆ ಇಳಿದಾಗ ತೊರೆಯ ಸದ್ದು ಕೇಳಿತು. ಆಮೇಲೆ ಕಂಡಿತು. ಎರಡು ನೀಲಗಿರಿ ದಿಮ್ಮಿ ಜೋಡಿಸಿ, ಮೇಲ್ಮೈಯನ್ನು ಕೊಡಲಿಯಿಂದ ಸ್ವಲ್ಪ ಚಪ್ಪಟೆ ಮಾಡಿದ್ದಾರೆ. ಒಂದು ಬದಿಗೆ ಬೇಲಿತಂತಿಯ ಕೈಹಿಡಿ, ಅದೂ ನಡುವಿನಲ್ಲಿ ಜೋತುಬಿದ್ದಿದೆ. ಉದ್ದ ಎಂಟು ಹತ್ತು ಹೆಜ್ಜೆ. ಕೆಳಗೆ ಕಾಫಿ ಬಣ್ಣದ ಸ್ವಚ್ಛ ನೀರು, ಜೂನ್ ಆದ್ದರಿಂದ ಪಾದ ಮುಳುಗುವಷ್ಟು. ಅದನ್ನು ಇಳಿದೇ ದಾಟಬಹುದಿತ್ತು. ಮುದುಕರು ಇಳಿಯಲಿಲ್ಲ, ಅವರ ನಾಯಿಯೂ ಇಳಿಯಲಿಲ್ಲ. ನನ್ನನ್ನು ಮಾತ್ರ ತಡೆದು, ತಾವು ಆ ಕಡೆ ಕಾಲಿಟ್ಟ ಮೇಲೆಯೇ ಬಾ ಎಂದರು. ಇಬ್ಬರು ಒಟ್ಟಿಗೆ ಹತ್ತಿದರೆ ಒಬ್ಬನ ಹೆಜ್ಜೆಗೆ ದಿಮ್ಮಿ ಎದ್ದಾಗ ಇನ್ನೊಬ್ಬನ ಕಾಲು ಗಾಳಿಯಲ್ಲಿರುತ್ತದೆ. ಪಾದ ನೇರ ಇಡಬೇಡ, ಸ್ವಲ್ಪ ಹೊರಳಿಸಿ ಇಡು ಎಂದದ್ದನ್ನು ಕೇಳಿ ನನಗೆ ನಗು ಬಂತು. ನನ್ನಜ್ಜಿ ಅಡಿಕೆಮರದ ಸಂಕದ ಬಳಿ ಹೇಳುತ್ತಿದ್ದದ್ದು ಇದನ್ನೇ.

ನಾನು ಗಮನಿಸದೇ ಇದ್ದದ್ದನ್ನು ಅವರೇ ತೋರಿಸಿದರು. ಮನೆಯ ಕಡೆಯ ದಡದಲ್ಲಿ ದಿಮ್ಮಿಯ ದಪ್ಪ ತುದಿಗೆ ತೂತು ಕೊರೆದು, ಉಕ್ಕಿನ ತಂತಿ ಪೋಣಿಸಿ ಒಂದು ಮರದ ಬುಡಕ್ಕೆ ಕಟ್ಟಿದೆ. ಆಚೆಯ ತುದಿ ಬರಿದೆ ಬಂಡೆಯ ಮೇಲೆ ಕುಳಿತಿದೆ, ಯಾವ ಕಟ್ಟೂ ಇಲ್ಲ. ಎರಡೂ ಕಡೆ ಭದ್ರವಾಗಿ ಬಿಗಿದಿದ್ದರೆ ನೆರೆ ಬಂದಾಗ ತೇಲಿ ಬರುವ ಕಸಕಡ್ಡಿಯೆಲ್ಲ ಅದಕ್ಕೆ ಸಿಕ್ಕಿ, ನೀರಿನ ಒತ್ತಡಕ್ಕೆ ದಿಮ್ಮಿ ಮುರಿಯುತ್ತದೆ, ಇಲ್ಲವೇ ದಡವೇ ಕಿತ್ತು ಬರುತ್ತದೆ. ಹೀಗೆ ಒಂದು ಕಡೆ ಬಿಟ್ಟಿದ್ದರೆ ನೀರು ಅದನ್ನು ಎತ್ತಿ, ಬಾಗಿಲು ತೆರೆದಂತೆ ತಿರುಗಿಸಿ, ಈಚೆ ದಡಕ್ಕೆ ಒರಗಿಸಿ ಹೋಗುತ್ತದೆ. ನೆರೆ ಇಳಿದ ಮೇಲೆ ನಾಲ್ಕು ಜನ ಸೇರಿ ಎಳೆದು ಮತ್ತೆ ಕೂರಿಸುವುದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ. ಮೇಲೆಲ್ಲೋ ಬೆಟ್ಟದಲ್ಲಿ ಸುರಿದರೆ ಇಲ್ಲಿ ಬಿಸಿಲಿರುವಾಗಲೇ ನೀರಿನ ಗೋಡೆ ಬರುತ್ತದೆ. ಅದಕ್ಕೆ ಅವರ ಭಾಷೆಯಲ್ಲಿ ‘ನೀರಿನ ತಲೆ’ ಎಂಬ ಹೆಸರು. ಕೊಚ್ಚಿ ಹೋಗುವುದನ್ನು ತಡೆಯಲಾಗದು ಎಂದು ಒಪ್ಪಿಕೊಂಡೇ ಕಟ್ಟಿದ ಕಟ್ಟೋಣ ಇದು. ತಾತ್ಕಾಲಿಕ ಎಂಬುದು ಇಲ್ಲಿ ದೋಷವಲ್ಲ, ವಿನ್ಯಾಸ.

ಎಷ್ಟು ಹಳೆಯದು ಎಂದು ಕೇಳಿದೆ. ತಮ್ಮ ತಂದೆಯ ಕಾಲದ್ದು ಎಂದರು. ದಿಮ್ಮಿಗಳು? ಅವು ಮೊನ್ನೆ ಮೊನ್ನೆಯವು. ಹಿಂದೆ ಅರೊಯೇರಾ ಮರ ಹಾಕುತ್ತಿದ್ದರಂತೆ, ತಲೆಮಾರು ಬಾಳುತ್ತಿತ್ತಂತೆ. ಈಗ ಅದನ್ನು ಕಡಿಯಲು ಅನುಮತಿ ಬೇಕು, ನೀಲಗಿರಿ ಬೇಗ ಸೀಳುತ್ತದೆ. ಎಳೆದು ಕೂರಿಸಲು ನೆರೆಹೊರೆಯವರು ಬರುವ ಪದ್ಧತಿಗೆ ಮುತಿರಾವ್ ಎನ್ನುತ್ತಾರೆ. ಇವತ್ತು ನನ್ನದು, ನಾಳೆ ನಿನ್ನದು. ಮಲೆನಾಡಿನ ಮುಯ್ಯಾಳು. ಜನ ಬರುವುದು ಕಡಿಮೆಯಾಗಿದೆ, ಹುಡುಗರೆಲ್ಲ ಬೆಲೊ ಒರಿಜೊಂಟೆಯಲ್ಲಿದ್ದಾರೆ ಎಂಬ ಮಾತೂ ಬಂತು. ಅದನ್ನೂ ನಾನು ಮೊದಲ ಬಾರಿ ಕೇಳುತ್ತಿರಲಿಲ್ಲ.

ದನದ ಕೊಟ್ಟಿಗೆಯ ಬಳಿ ಅವರ ಮೊಮ್ಮಗ ಇನ್ನೊಂದು ಪಿಂಗೆಲಾ ತೋರಿಸಿದ. ಕಡ್ಡಿಗಳನ್ನು ಗೋಪುರದಂತೆ ಒಂದರ ಮೇಲೊಂದು ಅಡ್ಡಡ್ಡ ಕಟ್ಟಿದ ಅರಾಪುಕಾ, ಹಕ್ಕಿ ಹಿಡಿಯುವ ಬೋನು. ಅದರ ಒಂದು ಅಂಚನ್ನು ಎತ್ತಿ ನಿಲ್ಲಿಸುವ, ಹಕ್ಕಿ ತಾಕಿದ ಕೂಡಲೇ ಜಾರಿ ಬೋನನ್ನು ಬೀಳಿಸುವ ಪುಟ್ಟ ಕಡ್ಡಿಗೂ ಅದೇ ಹೆಸರು. ನಿಘಂಟಿನಲ್ಲಿ ಈ ಅರ್ಥವೂ ಇದೆ, ನಾನು ಓದಿ ಹಾರಿಸಿದ್ದೆ. ದಾಟಿಸುವ ಮರವೂ ಪಿಂಗೆಲಾ, ಬೀಳಿಸುವ ಕಡ್ಡಿಯೂ ಪಿಂಗೆಲಾ. ಸರ್ಕಾರಕ್ಕೆ ಈ ಹೆಸರಿಟ್ಟವರಿಗೆ ಎರಡನೆಯದು ನೆನಪಿತ್ತೋ ಇಲ್ಲವೋ, ಓದುಗರಲ್ಲಿ ಹಳ್ಳಿಯಿಂದ ಬಂದವರಿಗಂತೂ ನೆನಪಾಗಿರಲೇಬೇಕು.

ಸಂಜೆ ಮಿಲ್ಯೊ ವೆರ್ಡೆಯ ಹುಲ್ಲುಗಾವಲಿನ ತುದಿಯಲ್ಲಿರುವ ರೊಸಾರಿಯೊ ಚರ್ಚಿನ ಜಗಲಿಯಲ್ಲಿ ಕುಳಿತೆ. ಗುಲಾಮಳಾಗಿ ಹುಟ್ಟಿ, ವಜ್ರದ ಗುತ್ತಿಗೆದಾರನ ಸಂಗಾತಿಯಾಗಿ ಡಿಯಾಮಂಟೀನಾದಲ್ಲಿ ಸಿರಿವಂತೆಯಾಗಿ ಬಾಳಿದ ಶಿಕಾ ದ ಸಿಲ್ವಾ ಈ ಊರಿನವಳು. ಪ್ರವಾಸಿಗಳು ಅವಳಿಗಾಗಿಯೂ ಜಲಪಾತಗಳಿಗಾಗಿಯೂ ಬರುತ್ತಾರೆ.

ಬುಧವಾರ, ಸೆರ್ರೊ

ಸೆರ್ರೊ ಊರಿನವರು ತಮ್ಮ ಗಿಣ್ಣಿನ, ಅಂದರೆ ಚೀಸಿನ, ಬಗ್ಗೆ ಮಾತಾಡುವಾಗ ತಡೆಯಬಾರದು. ಹಸಿ ಹಾಲಿಗೆ ಹಿಂದಿನ ದಿನದ ಗಿಣ್ಣಿನಿಂದ ಸೋರಿದ ಹುಳಿನೀರು ಬೆರೆಸಿ ಹೆಪ್ಪು ಹಾಕುತ್ತಾರೆ. ಆ ನೀರಿನ ಹೆಸರು ಪಿಂಗೊ, ತೊಟ್ಟು. ಇಂದಿನ ತೊಟ್ಟು ಇಲ್ಲದಿದ್ದರೆ ನಾಳೆಯ ಗಿಣ್ಣಿಲ್ಲ. 2024ರ ಡಿಸೆಂಬರ್‌ನಲ್ಲಿ ಮಿನಾಸ್ ಗಿಣ್ಣಿನ ಈ ತಯಾರಿಕೆಯನ್ನು ಯುನೆಸ್ಕೊ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಅಂಗಡಿಯಲ್ಲಿ ಸೀಬೆಹಣ್ಣಿನ ಹಲ್ವದ ಜೊತೆ ಒಂದು ತುಂಡು ಕೊಟ್ಟರು. ಎರಡನೆಯದನ್ನು ನಾನೇ ಕೇಳಿ ತೆಗೆದುಕೊಂಡೆ.

ಅಲ್ಲೇ ಕಾಫಿ ಕುಡಿಯುತ್ತಿದ್ದ ನಿವೃತ್ತ ಇತಿಹಾಸ ಶಿಕ್ಷಕರೊಬ್ಬರ ಪರಿಚಯವಾಯಿತು. ಪಿಂಗೆಲಾ ನೋಡಲು ಭಾರತದಿಂದ ಬಂದವನೆಂದು ತಿಳಿದು ಗೊಳ್ಳೆಂದು ನಕ್ಕರು. ಆಮೇಲೆ ಅವರು ಹೇಳಿದ್ದನ್ನೂ ನಾನು ಓದಿ ತಿಳಿದಿದ್ದನ್ನೂ ಕೂಡಿಸಿದರೆ ಕಥೆ ಹೀಗಿದೆ.

ಉಪಾಧ್ಯಕ್ಷ ಮಿಶೆಲ್ ಟೆಮೆರ್ ಅವರ ಪಿಎಂಡಿಬಿ ಪಕ್ಷ 2015ರ ಅಕ್ಟೋಬರ್‌ನಲ್ಲಿ ಒಂದು ಆರ್ಥಿಕ ಕಾರ್ಯಕ್ರಮ ಪ್ರಕಟಿಸಿತು. ಹೆಸರು, ‘ಭವಿಷ್ಯಕ್ಕೊಂದು ಸೇತುವೆ’. ಮರುವರ್ಷ ಆಗಸ್ಟ್ 31ರಂದು ಸೆನೆಟ್ 61–20 ಮತಗಳಿಂದ ಅಧ್ಯಕ್ಷೆ ದಿಲ್ಮಾ ರೂಸೆಫ್ ಅವರನ್ನು ಪದಚ್ಯುತಗೊಳಿಸಿತು, ಟೆಮೆರ್ ಗದ್ದುಗೆಯೇರಿದರು. ಆಗ ಮಾಜಿ ಅಧ್ಯಕ್ಷ, ಸಮಾಜಶಾಸ್ತ್ರಜ್ಞ ಫೆರ್ನಾಂಡೊ ಎನ್ರಿಕೆ ಕಾರ್ಡೋಸೊ, ಇದೇನೂ ದೊಡ್ಡ ಸೇತುವೆಯಲ್ಲ, ಪಿಂಗೆಲಾ, ಆದರೆ ಇರುವುದು ಇದೊಂದೇ, ಮುರಿದರೆ ಎಲ್ಲರೂ ನೀರಿಗೆ ಬೀಳುತ್ತೇವೆ ಎಂಬರ್ಥದ ಮಾತಾಡಿದರು. ಬೆಂಬಲವೋ ಚುಚ್ಚುಮಾತೋ ಎಂದು ಹೇಳಲಾಗದಷ್ಟು ನಾಜೂಕು. ಎದುರಾಳಿಗಳು ಬಿಡುತ್ತಾರೆಯೇ? ‘ಭವಿಷ್ಯಕ್ಕೊಂದು ಪಿಂಗೆಲಾ’ ಎಂದು ತಿರುಚಿದರು. 2017ರ ಮೇ ತಿಂಗಳಲ್ಲಿ ಮಾಂಸೋದ್ಯಮಿಯೊಬ್ಬನ ಗುಪ್ತ ಧ್ವನಿಮುದ್ರಣ ಹೊರಬಂದು ಸರ್ಕಾರ ಅಲುಗಾಡಿದಾಗ ಕಾರ್ಡೋಸೊ ತಮ್ಮ ರೂಪಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಪಿಂಗೆಲಾ ಹೀಗೇ ಮುರಿಯುತ್ತಿದ್ದರೆ ಈಜಿ ದಾಟುವುದೇ ಮೇಲು, ಅಂದರೆ ಜನರ ಬಳಿಗೇ ಮರಳಿ ಹೋಗುವುದು.

ಮುರಿಯಲಿಲ್ಲ. ಟೆಮೆರ್ ವಿರುದ್ಧದ ಆರೋಪಗಳ ವಿಚಾರಣೆಗೆ ಸಂಸತ್ತಿನ ಕೆಳಮನೆ ಆ ವರ್ಷ ಎರಡು ಬಾರಿ ತಡೆಯೊಡ್ಡಿತು. 2018ರ ಡಿಸೆಂಬರ್ ಕೊನೆಯವರೆಗೂ ಅವರು ನಡೆದರು. ಆಚೆ ದಡದಲ್ಲಿ ಕಾಯುತ್ತಿದ್ದವರು ಜೈರ್ ಬೋಲ್ಸೊನಾರೊ. ‘ಪಿಂಗೆಲಾ ಗಟ್ಟಿಯೋ ಎಂದು ಎಲ್ಲರೂ ಕೇಳಿದರು, ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ’ ಎಂದು ಶಿಕ್ಷಕರು ಸಕ್ಕರೆ ಕಲಕಿದರು.

ನನ್ನ ತಕರಾರು ಬೇರೆಡೆಯಿದೆ. ರೂಪಕ ಮಾಡಿದವರು ದಿಮ್ಮಿಯ ಅಲುಗಾಟವನ್ನಷ್ಟೇ ಹಳ್ಳಿಯಿಂದ ಎತ್ತಿಕೊಂಡರು. ತಂತಿಯನ್ನೂ ಮುತಿರಾವನ್ನೂ ಅಲ್ಲೇ ಬಿಟ್ಟು ಬಂದರು. ಮುದುಕರ ಪಿಂಗೆಲಾಕ್ಕೆ ಒಡೆಯನಿದ್ದಾನೆ, ಕಾವಲಿದೆ, ನೆರೆ ಬಂದರೆ ಏನಾಗಬೇಕೆಂಬ ಲೆಕ್ಕವಿದೆ. ಬ್ರಸೀಲಿಯಾದ ಪಿಂಗೆಲಾ ತಾನು ತಾತ್ಕಾಲಿಕ ಎಂದು ಹೇಳಿಕೊಳ್ಳುತ್ತಲೇ 2016ರ ಡಿಸೆಂಬರ್‌ನಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಸರ್ಕಾರದ ವೆಚ್ಚಕ್ಕೆ 20 ವರ್ಷಗಳ ಮಿತಿ ಹಾಕಿತು. ಎರಡು ವರ್ಷ ನಿಲ್ಲಬೇಕಾದ ದಿಮ್ಮಿಯ ಮೇಲೆ ಇಪ್ಪತ್ತು ವರ್ಷದ ಹೇರು. ಆ ಮಿತಿಯನ್ನು 2023ರಲ್ಲಿ ಬೇರೆ ನಿಯಮದಿಂದ ಬದಲಿಸಬೇಕಾಯಿತು.

ಇನ್ನೊಂದು ತಮಾಷೆ. 1992ರಲ್ಲಿ ಕೊಲ್ಲೊರ್ ಅಧ್ಯಕ್ಷ ಪದವಿ ಬಿಟ್ಟಾಗ ಉಪಾಧ್ಯಕ್ಷರಾಗಿದ್ದ ಮಿನಾಸ್‌ನ ಇಟಾಮಾರ್ ಫ್ರಾಂಕೊ ಉಳಿದ ಅವಧಿಯನ್ನು ನಡೆಸಿಕೊಟ್ಟರು. ಅದೂ ಪಿಂಗೆಲಾವೇ. ಆ ಸರ್ಕಾರದ ಹಣಕಾಸು ಸಚಿವರಾಗಿ, 1994ರ ರಿಯಾಲ್ ನಾಣ್ಯ ಯೋಜನೆಯ ಹೆಸರು ಹೊತ್ತು ಅಧ್ಯಕ್ಷ ಪದವಿಯ ದಡ ಸೇರಿದವರು ಇದೇ ಕಾರ್ಡೋಸೊ. ಪಿಂಗೆಲಾದ ಬೆಲೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ನಮ್ಮಲ್ಲಿ ಇಂಥ ರೂಪಕ ಏಕೆ ಹುಟ್ಟಲಿಲ್ಲ ಎಂದು ಶಿಕ್ಷಕರು ಕೇಳಿದರು. ಸಮ್ಮಿಶ್ರ ಸರ್ಕಾರಗಳನ್ನು ಸಾಕಷ್ಟು ಕಂಡ ರಾಜ್ಯದವನು ನಾನು, ಯೋಚಿಸಿದೆ. ಮಲೆನಾಡಿನಲ್ಲಿ ಕಾಲುಸಂಕ ಇನ್ನೂ ಮಾತಿನ ಅಲಂಕಾರವಾಗುವಷ್ಟು ದೂರ ಹೋಗಿಲ್ಲ. ಮಳೆಗಾಲದಲ್ಲಿ ಅದರಿಂದ ಜಾರಿದ ಮಕ್ಕಳ ಸುದ್ದಿ ಓದುತ್ತೇವೆ. ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಸರ್ಕಾರವೇ ಯೋಜನೆ ಮಾಡಬೇಕಾಯಿತು. ಸುಳ್ಯದ ಗಿರೀಶ್ ಭಾರದ್ವಾಜ್ ಹಳ್ಳಿಗಳಿಗೆ ತೂಗುಸೇತುವೆ ಕಟ್ಟಿಕೊಟ್ಟದ್ದಕ್ಕೆ 2017ರಲ್ಲಿ ಪದ್ಮಶ್ರೀ ಬಂತು. ಇಷ್ಟನ್ನು ಪೋರ್ಚುಗೀಸಿನಲ್ಲಿ ಹೇಳುವಷ್ಟರಲ್ಲಿ ಕಾಫಿ ಆರಿತ್ತು.

ಗುರುವಾರ

ಬಸ್ಸು, ಬದಲಿ ಬಸ್ಸು, ರಾತ್ರಿ ಬಸ್ಸು. ಪಕ್ಕದ ಆಸನದವನು ರಿಯೊ ಗ್ರಾಂಜೆ ದೊ ಸುಲ್‌ನವ. 2024ರ ಮೇ ತಿಂಗಳ ಮಹಾನೆರೆಯಲ್ಲಿ ಲಜಿಯಾದೊ ಮತ್ತು ಅರೊಯೊ ದೊ ಮೆಯೊ ಊರುಗಳ ನಡುವಿನ ಸೇತುವೆ ಕುಸಿದಾಗ ಸೇನೆ ಫೊರ್ಕೆಟಾ ನದಿಗೆ ತೇಲುವ ಕಾಲುದಾರಿ ಹಾಸಿತ್ತು. ಜೀವರಕ್ಷಕ ಅಂಗಿ ತೊಟ್ಟು, ಒಬ್ಬರ ಹಿಂದೊಬ್ಬರು ಸಾಲಾಗಿ ದಾಟಿ ಕೆಲಸಕ್ಕೆ ಹೋಗಿ ಬರುತ್ತಿದ್ದರಂತೆ. ಅದನ್ನು ಪಿಂಗೆಲಾ ಎನ್ನುತ್ತಿದ್ದಿರಾ ಎಂದು ಕೇಳಿದೆ. ಇಲ್ಲ, ಪಸ್ಸಾದೇರಾ ಎಂದ. ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸನ್ನೂ ಇಲ್ಲಿ ಅದೇ ಪದದಿಂದ ಕರೆಯುತ್ತಾರೆ. ನಾನು ನಿದ್ದೆಹೋದೆ.

ಶುಕ್ರವಾರ, ಬ್ರಸೀಲಿಯಾ

ಡಿಯಾಮಂಟೀನಾದಲ್ಲಿ ಹುಟ್ಟಿದ ಜುಸೆಲಿನೊ ಕುಬಿಶೆಕ್ ಅಧ್ಯಕ್ಷರಾಗಿ ಈ ರಾಜಧಾನಿಯನ್ನು ಬಯಲಿನಲ್ಲಿ ಎಬ್ಬಿಸಿ 1960ರ ಏಪ್ರಿಲ್ 21ರಂದು ಉದ್ಘಾಟಿಸಿದರು. ಅವರ ಹೆಸರಿನ ಸೇತುವೆ 2002ರ ಡಿಸೆಂಬರ್‌ನಲ್ಲಿ ಪರನೊವಾ ಸರೋವರದ ಮೇಲೆ ಬಂತು. ವಾಸ್ತುಶಿಲ್ಪಿ ಅಲೆಶಾಂದ್ರೆ ಶಾನ್. ಉದ್ದ 1,200 ಮೀಟರ್. ಮೂರು ಬೃಹತ್ ಕಮಾನುಗಳು ರಸ್ತೆಯನ್ನು ಓರೆಯಾಗಿ ಹಾರಿ ಅತ್ತಿಂದಿತ್ತ ಜಿಗಿಯುತ್ತವೆ. ಕಾಲುದಾರಿ ಇದೆ. ಬಿಸಿಲಲ್ಲಿ ಪೂರ್ತಿ ನಡೆದೆ. ನನ್ನ ಹೊರತು ಓಡುವ ಉಡುಪಿನ ಒಂದಿಬ್ಬರು ಮಾತ್ರ. ಭವ್ಯವೆಂಬುದರಲ್ಲಿ ಎರಡು ಮಾತಿಲ್ಲ, ಹೆಜ್ಜೆಗೆ ಕಿಂಚಿತ್ತೂ ಅಲುಗುವುದಿಲ್ಲ.

ಮಧ್ಯಾಹ್ನ ಮೂರು ಅಧಿಕಾರಗಳ ಚೌಕಕ್ಕೆ ಹೋದೆ. ಒಂದು ಕಡೆ ಸಂಸತ್ತಿನ ಎರಡು ಬಟ್ಟಲು, ಎದುರು ಬದುರಾಗಿ ಅಧ್ಯಕ್ಷರ ಅರಮನೆ ಮತ್ತು ಸುಪ್ರೀಂ ಕೋರ್ಟ್. ನಡುವೆ ನೆರಳಿಲ್ಲದ ಕಾಂಕ್ರೀಟ್ ಬಯಲು. ಒಂದು ಮನೆಯಿಂದ ಇನ್ನೊಂದಕ್ಕೆ ನಡೆದು ಹೋಗಲು ಯಾವ ಅಡ್ಡಿಯೂ ಕಾಣದ ಈ ಜಾಗದಲ್ಲಿ ಕೂತವರಿಗೆ ಹಳ್ಳದ ರೂಪಕ ಹೊಳೆದದ್ದು ಸೋಜಿಗವೇ.

ಕಾರಿನವರಿಗಾಗಿ ಬಿಡಿಸಿದ ನಗರದಲ್ಲಿ ಕಾಲ್ನಡಿಗೆಯವರು ತಮ್ಮ ದಾರಿಯನ್ನು ತಾವೇ ಮಾಡಿಕೊಂಡಿದ್ದಾರೆ. ಸರ್ಕಾರಿ ಹುಲ್ಲುಹಾಸುಗಳ ಮೇಲೆಲ್ಲ ಕೆಂಪು ಮಣ್ಣಿನ ಕಾಲುಹಾದಿಗಳು. ವಿಮಾನ ನಿಲ್ದಾಣದ ಬಸ್ಸಿಗೆ ಕಾಯುವಲ್ಲಿ ಯಾವುದೋ ಕೊಳವೆಗೆಂದು ಅಗೆದ ಉದ್ದ ಗುಂಡಿಯಿತ್ತು. ಅಗೆದವರು ಪತ್ತೆಯಿರಲಿಲ್ಲ. ಅದರ ಮೇಲೆ ಯಾರೋ ಸಾರುವೆಯ ಹಲಗೆಯೊಂದನ್ನು ಅಡ್ಡ ಹಾಕಿದ್ದರು. ಕಚೇರಿ ಬಿಟ್ಟ ಜನ ಒಬ್ಬೊಬ್ಬರಾಗಿ ದಾಟುತ್ತಿದ್ದರು, ಒಬ್ಬ ಮುಗಿಸುವವರೆಗೆ ಇನ್ನೊಬ್ಬ ನಿಲ್ಲುತ್ತಿದ್ದ. ನನ್ನ ಮುಂದಿದ್ದ ಟೈ ಕಟ್ಟಿದ ಯುವಕನಿಗೆ ಹಲಗೆ ತೋರಿಸಿ, ಇದಕ್ಕೆ ಏನೆನ್ನುತ್ತೀರಿ ಎಂದೆ. ಅವನು ನನ್ನನ್ನೂ ನನ್ನ ಚೀಲವನ್ನೂ ಒಮ್ಮೆ ನೋಡಿದ.

‘ಹಲಗೆ’ ಎಂದು ಹೇಳಿ ಬಸ್ಸು ಹತ್ತಿದ.